ಬೇಸ್ ವೇರಿಯಂಟ್ ಫೋರ್ ಬೈ ಫೋರ್ ಗಾಡಿ ಆಫ್‌ರೋಡ್‌ಗೆ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿ, ಕೊಳ್ಳಲು ಹೊರಟವರಿಗೆ ಬರುವ ಮೊದಲ ಗೊಂದಲ ಇದು. ಕೆಳಗಿನ ವೇರಿಯಂಟ್ ಕೈಗೆಟುಕುತ್ತದೆ, ಮೇಲಿನದು ಎಟುಕುವುದಿಲ್ಲ. ಕೆಳಗಿನದನ್ನೇ ತಗೊಂಡರೆ ಕೆಸರು, ಮರಳು, ಕಲ್ಲುದಾರಿಯಲ್ಲಿ ಅದು ಕೈಕೊಡುತ್ತದೆಯೇ? ಉತ್ತರ ಹುಡುಕುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಕೆಲವು ಭಾಗಗಳನ್ನು ಆಮೇಲೆ ಹಾಕಿಸಿಕೊಳ್ಳಬಹುದು. ಕೆಲವು ಕಾರ್ಖಾನೆಯಿಂದಲೇ ಬರಬೇಕು. ದುಡ್ಡು ಮೊದಲು ಈ ಎರಡನೇ ಪಟ್ಟಿಗೆ ಹೋಗಲಿ.

ನೇರವಾಗಿ ಹೇಳಿ. ಬೇಸ್ ವೇರಿಯಂಟ್ ಆಫ್‌ರೋಡ್ ಹೋಗುತ್ತದೋ ಇಲ್ಲವೋ?

ಹೋಗುತ್ತದೆ. ಆದರೆ ಅದರಲ್ಲಿ ನಿಜವಾದ ಫೋರ್ ಬೈ ಫೋರ್ ಮತ್ತು ಲೋ ರೇಂಜ್, ಅಂದರೆ ಗಾಡಿಯನ್ನು ತೀರ ನಿಧಾನವಾಗಿ, ಹೆಚ್ಚು ಬಲದಲ್ಲಿ ಓಡಿಸುವ ಗೇರ್, ಇರಬೇಕು.

ಒಂದೇ ಮಾಡೆಲ್‌ನ ಬೇರೆ ಬೇರೆ ವೇರಿಯಂಟ್‌ಗಳಲ್ಲಿ ಚಾಸಿ (ಗಾಡಿಯ ಕೆಳಗಿನ ಚೌಕಟ್ಟು), ಆಕ್ಸಲ್ (ಎಡ ಬಲ ಚಕ್ರಗಳ ಅಚ್ಚು), ಗೇರ್‌ಬಾಕ್ಸ್, ಹಿಂದೆ ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಹುಪಾಲು ಒಂದೇ ಆಗಿರುತ್ತವೆ. ಸುಜುಕಿ ಜಿಮ್ನಿಯನ್ನೇ ನೋಡಿ. ಆಸ್ಟ್ರೇಲಿಯಾದಲ್ಲಿ ಮಾರಿದ ಜಿಮ್ನಿ ಲೈಟ್ ಎಂಬ ಅಗ್ಗದ ವೇರಿಯಂಟ್‌ನಲ್ಲಿ ಸ್ಟೀಲ್ ವೀಲ್, ಹ್ಯಾಲೊಜೆನ್ ದೀಪ. ಕೆಳಗೆ ಬಗ್ಗಿ ನೋಡಿದರೆ ಅದೇ ಲ್ಯಾಡರ್ ಫ್ರೇಮ್ ಚಾಸಿ, ಹಿಂದೆ ಮುಂದೆ ಅದೇ ಗಟ್ಟಿ ಆಕ್ಸಲ್, ಅದೇ ಲೋ ರೇಂಜ್. ಗುಡ್ಡಕ್ಕೆ ಹೆಡ್‌ಲೈಟ್ ಯಾವುದೆಂದು ಗೊತ್ತಾಗುವುದಿಲ್ಲ ಅಲ್ವಾ?

ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿ ಇನ್ನೊಂದು ಉದಾಹರಣೆ. 1984ರಲ್ಲಿ ಶುರುವಾದ ಈ ಗಾಡಿಯ ಬೇಸ್ ವೇರಿಯಂಟ್‌ಗೆ ಆಸ್ಟ್ರೇಲಿಯಾದಲ್ಲಿ ವರ್ಕ್‌ಮೇಟ್ ಎಂದು ಹೆಸರು. ನೆಲಕ್ಕೆ ವಿನೈಲ್ ಹಾಸು, ಸ್ಟೀಲ್ ವೀಲ್. ಗಣಿ, ತೋಟ, ರಸ್ತೆಯೇ ಇಲ್ಲದ ಊರುಗಳ ಕೆಲಸಕ್ಕೆ ಜನ ಆರಿಸುವುದು ಇಂಥದ್ದನ್ನೇ. ಕೆಸರಾದರೆ ನೀರು ಹಾಕಿ ತೊಳೆದರಾಯಿತು.

ಹಾಗಾದರೆ ಟಾಪ್ ವೇರಿಯಂಟ್‌ಗೆ ಕೊಡುವ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ಬಹುಪಾಲು ಕ್ಯಾಬಿನ್ ಒಳಗೆ. ಲೆದರ್ ಸೀಟು, ದೊಡ್ಡ ಸ್ಕ್ರೀನು, ಸನ್‌ರೂಫ್, ಒಳ್ಳೆಯ ಸ್ಪೀಕರು. ಹೊರಗೆ ದೊಡ್ಡ ಅಲಾಯ್ ವೀಲ್, ಕ್ರೋಮ್, ಸೈಡ್ ಸ್ಟೆಪ್. ಇವುಗಳಲ್ಲಿ ಕೆಲವು ಆಫ್‌ರೋಡ್‌ನಲ್ಲಿ ಅಡ್ಡಿಯೇ.

ಐಷಾರಾಮದ ಮೆಟ್ಟಿಲು ಬೇರೆ, ಆಫ್‌ರೋಡ್ ಮೆಟ್ಟಿಲು ಬೇರೆ. ಕಂಪನಿಗಳು ಎರಡನ್ನೂ ಒಂದೇ ಬೆಲೆಪಟ್ಟಿಯಲ್ಲಿ ಇಡುವುದರಿಂದ ಗೊಂದಲ. ಟೊಯೊಟಾ ಫೋರ್‌ರನ್ನರ್‌ನ ಐದನೇ ತಲೆಮಾರು ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ದುಬಾರಿ ಲಿಮಿಟೆಡ್ ವೇರಿಯಂಟ್‌ಗೆ 20 ಇಂಚಿನ ವೀಲ್, ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಡಿಫ್ ಲಾಕ್ ಇಲ್ಲ. ಅದಕ್ಕಿಂತ ಕಡಿಮೆ ಬೆಲೆಯ ಟಿಆರ್‌ಡಿ ಆಫ್‌ರೋಡ್‌ಗೆ 17 ಇಂಚಿನ ವೀಲ್, ಹಿಂದೆ ಡಿಫ್ ಲಾಕ್, ಗಾಡಿಯನ್ನು ತಾನೇ ನಿಧಾನವಾಗಿ ತೆವಳಿಸುವ ಕ್ರಾಲ್ ಕಂಟ್ರೋಲ್. ಕಲ್ಲಿನ ದಾರಿಯಲ್ಲಿ ಅಗ್ಗದ್ದೇ ಮುಂದೆ ಹೋಗುತ್ತದೆ.

ಫೋರ್ಡ್ ಬ್ರಾಂಕೊ 2021ರಲ್ಲಿ ಮರಳಿ ಬಂದಾಗ ಇದನ್ನು ಇನ್ನೂ ಸ್ಪಷ್ಟವಾಗಿ ಬೇರೆ ಮಾಡಿತು. ಸ್ಯಾಸ್ಕ್ವಾಚ್ ಎಂಬ ಪ್ಯಾಕೇಜ್‌ನಲ್ಲಿ 35 ಇಂಚಿನ ಟೈರ್, ಹಿಂದೆ ಮುಂದೆ ಡಿಫ್ ಲಾಕ್. ಅದನ್ನು ಬೇಸ್ ವೇರಿಯಂಟ್‌ಗೂ ಹಾಕಿಸಿಕೊಳ್ಳಬಹುದಿತ್ತು. ಎಲ್ಲ ಕಂಪನಿಗಳೂ ಹೀಗೆ ಮಾಡಿದರೆ ಈ ಪುಟವೇ ಬೇಕಾಗುತ್ತಿರಲಿಲ್ಲ.

ಬ್ರೋಷರ್ ಕೈಗೆ ಬಂದ ಕೂಡಲೇ ಯಾವ ಸಾಲು ಹುಡುಕಬೇಕು?

ಮೊದಲು, ನೀವು ನೋಡುತ್ತಿರುವ ವೇರಿಯಂಟ್‌ನಲ್ಲಿ ಫೋರ್ ಬೈ ಫೋರ್ ಇದೆಯೇ ಎಂಬುದು. ನಗಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಬೇಸ್ ವೇರಿಯಂಟ್ ಬರುವುದೇ ಎರಡು ಚಕ್ರದ ಡ್ರೈವ್‌ನಲ್ಲಿ. ನೋಡಲು ಎರಡೂ ಒಂದೇ ಥರ.

ಆಮೇಲೆ, ಅದು ಫೋರ್ ವೀಲ್ ಡ್ರೈವೋ ಆಲ್ ವೀಲ್ ಡ್ರೈವೋ ನೋಡಿ. ಆಲ್ ವೀಲ್ ಡ್ರೈವ್ ಗಾಡಿಗಳು ಸಾಮಾನ್ಯವಾಗಿ ಮುಂದಿನ ಚಕ್ರದಲ್ಲಿ ಓಡುತ್ತವೆ. ಅವು ಜಾರಿದಾಗ ಒಂದು ಕ್ಲಚ್ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಮಳೆ, ಹಿಮ, ಜಲ್ಲಿ ರಸ್ತೆಗೆ ಇದು ಚೆನ್ನ. ಆಳವಾದ ಮರಳಲ್ಲಿ ತುಂಬಾ ಹೊತ್ತು ದುಡಿಸಿದರೆ ಆ ಕ್ಲಚ್ ಬಿಸಿಯಾಗಿ ಕೈಬಿಡಬಹುದು. ಈ ಬಗೆಯ ಗಾಡಿಗಳಲ್ಲಿ ಬೇಸ್ ಮತ್ತು ಮೇಲಿನ ವೇರಿಯಂಟ್‌ಗೆ ಯಂತ್ರದಲ್ಲೇ ವ್ಯತ್ಯಾಸ ಇರುವುದೂ ಉಂಟು. ಫೋರ್ಡ್ ಬ್ರಾಂಕೊ ಸ್ಪೋರ್ಟ್‌ನ ಬ್ಯಾಡ್‌ಲ್ಯಾಂಡ್ಸ್ ವೇರಿಯಂಟ್‌ಗೆ ಹಿಂದಿನ ಆಕ್ಸಲ್‌ನಲ್ಲಿ ಎರಡು ಕ್ಲಚ್‌ನ ಡ್ರೈವ್ ಯೂನಿಟ್ ಇದೆ. ಅದು ಡಿಫ್ ಲಾಕ್‌ನಂತೆ ಕೆಲಸ ಮಾಡುತ್ತದೆ. ಬೇಸ್‌ನಲ್ಲಿ ಅದಿಲ್ಲ, ಆಮೇಲೆ ಹಾಕಿಸುವಂಥದ್ದೂ ಅಲ್ಲ.

ಮೂರನೆಯದು ಲೋ ರೇಂಜ್. ಅದಕ್ಕೆ ಬೇರೆಯೇ ಉತ್ತರ ಬೇಕು.

ಲೋ ರೇಂಜ್‌ಗೆ ಯಾಕೆ ಇಷ್ಟು ಮಹತ್ವ?

ಆಫ್‌ರೋಡ್‌ನಲ್ಲಿ ಗಾಡಿ ಉಳಿಯುವುದು ನಿಧಾನದಿಂದ. ಲೋ ರೇಂಜ್ ಗೇರ್ ಹಾಕಿದರೆ ಎಂಜಿನ್ ತನ್ನ ವೇಗದಲ್ಲಿ ತಿರುಗುತ್ತಿರುತ್ತದೆ, ಚಕ್ರ ಮಾತ್ರ ತೆವಳುತ್ತದೆ. ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಇಳಿಜಾರಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಇದನ್ನು ಅಳೆಯುವುದು ಕ್ರಾಲ್ ರೇಶಿಯೋದಿಂದ. ಮೊದಲ ಗೇರ್, ಲೋ ರೇಂಜ್, ಆಕ್ಸಲ್, ಈ ಮೂರರ ಅನುಪಾತ ಗುಣಿಸಿದರೆ ಅದು ಸಿಗುತ್ತದೆ. 2018ರ ಜೀಪ್ ರ‍್ಯಾಂಗ್ಲರ್‌ನ ಬೇಸ್ ವೇರಿಯಂಟ್ ಸ್ಪೋರ್ಟ್ ಎಂದುಕೊಳ್ಳಿ, ವಿ6 ಎಂಜಿನ್, ಆರು ಗೇರಿನ ಮ್ಯಾನುವಲ್. 5.13, 2.72, 3.45. ಗುಣಿಸಿದರೆ ಸುಮಾರು 48. ಅದೇ ಗಾಡಿಯ ರೂಬಿಕಾನ್‌ನಲ್ಲಿ ಲೋ ರೇಂಜ್ 4, ಆಕ್ಸಲ್ 4.10. ಗುಣಿಸಿದರೆ ಸುಮಾರು 84. ವ್ಯತ್ಯಾಸ ದೊಡ್ಡದೇ. ಆದರೆ ಆ 84 ಬೇಕಾಗುವುದು ಮನುಷ್ಯ ಹತ್ತಲು ಕೈ ಊರಬೇಕಾದಂಥ ಬಂಡೆಗಳ ಮೇಲೆ. ಕಾಡುದಾರಿ, ಕೊರಕಲು, ಕೆಸರು, ಮರಳು, ಕಡಿದಾದ ಮಣ್ಣಿನ ಏರು, ಇವಕ್ಕೆಲ್ಲ 48 ಧಾರಾಳ.

ಲೋ ರೇಂಜ್ ಇಲ್ಲದ ಗಾಡಿಗೆ ಅದನ್ನು ಆಮೇಲೆ ಸೇರಿಸುವುದು ಕಾಗದದ ಮೇಲೆ ಸಾಧ್ಯ. ನಿಜದಲ್ಲಿ ಯಾರೂ ಮಾಡಿಸುವ ಕೆಲಸ ಅಲ್ಲ. ಎರಡು ಚಕ್ರದ ಡ್ರೈವ್‌ನ ಗಾಡಿ ಕೊಂಡು ಮುಂದೆ ಫೋರ್ ಬೈ ಫೋರ್ ಮಾಡಿಸುತ್ತೇನೆ ಎನ್ನುವವರಿಗೂ ಇದೇ ಉತ್ತರ.

ಬೇಸ್‌ನಲ್ಲಿ ಡಿಫ್ ಲಾಕ್ ಇಲ್ಲ. ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತೇನಾ?

ಎಲ್ಲರ ಭಯ ಇದೇ. ಸ್ವಲ್ಪ ಬಿಡಿಸಿ ಹೇಳಬೇಕು.

ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು. ಅದಕ್ಕಾಗಿ ಪ್ರತಿ ಆಕ್ಸಲ್‌ನಲ್ಲೂ ಡಿಫರೆನ್ಷಿಯಲ್ ಇರುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ಬಲ ಕೊಡುತ್ತದೆ. ತೊಂದರೆ ಇರುವುದೂ ಅಲ್ಲೇ. ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಅದನ್ನು ತಿರುಗಿಸಲು ಬಲವೇ ಬೇಕಿಲ್ಲ. ಆಗ ನೆಲ ಹಿಡಿದ ಇನ್ನೊಂದು ಚಕ್ರಕ್ಕೂ ಅಷ್ಟೇ ಪುಟ್ಟ ಬಲ ಹೋಗುತ್ತದೆ. ಮುಂದೆ ಒಂದು, ಹಿಂದೆ ಅದರ ಎದುರು ಮೂಲೆಯದೊಂದು ಚಕ್ರ ಎದ್ದರೆ ನಾಲ್ಕೂ ಚಕ್ರದ ಡ್ರೈವ್ ಇದ್ದೂ ಗಾಡಿ ನಿಂತುಬಿಡುತ್ತದೆ.

ಡಿಫ್ ಲಾಕ್ ಎರಡೂ ಚಕ್ರವನ್ನು ಒಂದೇ ದಂಡಕ್ಕೆ ಕಟ್ಟಿದ ಹಾಗೆ ಮಾಡುತ್ತದೆ. ಅದು ಇಲ್ಲದ ಹೊಸ ಗಾಡಿಗಳಲ್ಲಿ ಬಹುಪಾಲು ಬ್ರೇಕ್‌ನಿಂದ ಕೆಲಸ ಮಾಡುವ ಟ್ರ್ಯಾಕ್ಷನ್ ಕಂಟ್ರೋಲ್ ಇರುತ್ತದೆ. ಸುಮ್ನೆ ತಿರುಗುತ್ತಿರುವ ಚಕ್ರಕ್ಕೆ ಅದೇ ಬ್ರೇಕ್ ಹಾಕುತ್ತದೆ. ಆಗ ಬಲ ಇನ್ನೊಂದು ಚಕ್ರಕ್ಕೆ ದಾಟುತ್ತದೆ. ಎಬಿಎಸ್‌ನ ಭಾಗಗಳನ್ನೇ ಬಳಸುವುದರಿಂದ ಇದು ಬೇಸ್‌ನಲ್ಲೂ ಸಿಗುವ ಸಾಧ್ಯತೆ ಹೆಚ್ಚು.

ಇದನ್ನು ಬಳಸಲು ಒಂದು ಗುಟ್ಟಿದೆ. ಚಕ್ರ ಜಾರಿದ ಕೂಡಲೇ ಹೊಸಬರು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಿತು. ಬ್ರೇಕ್ ಹಿಡಿಯಬೇಕಾದರೆ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಿರಬೇಕು. ಕಾಲನ್ನು ಒಂದೇ ಸಮ, ಹದವಾಗಿ ಒತ್ತಿ ಹಿಡಿಯಿರಿ. ಕಟಕಟ ಎಂಬ ಸದ್ದು ಬರುತ್ತದೆ. ಒಂದೆರಡು ಕ್ಷಣದಲ್ಲಿ ಗಾಡಿ ತಾನೇ ಮುಂದೆ ಸರಿಯುತ್ತದೆ. ರೊಯ್ಯನೆ ಒತ್ತಿದರೆ ಚಕ್ರ ಗುಂಡಿ ತೋಡುತ್ತದೆ ಅಷ್ಟೇ.

ಡಿಫ್ ಲಾಕ್ ಮೇಲೇ, ಸಂಶಯವಿಲ್ಲ. ಅದು ಚಕ್ರ ಜಾರುವವರೆಗೆ ಕಾಯುವುದಿಲ್ಲ, ಬ್ರೇಕ್ ಬಿಸಿಯಾಗುವುದಿಲ್ಲ. ಉದ್ದದ ಕೆಸರಲ್ಲಿ, ಬಂಡೆಯ ಮೇಲೆ ವ್ಯತ್ಯಾಸ ಕಾಣುತ್ತದೆ. ಆದರೆ ಅದು ಆಮೇಲೆ ಹಾಕಿಸಬಹುದಾದ ಭಾಗ. ಹೆಸರಾದ ಗಾಡಿಗಳ ಆಕ್ಸಲ್‌ಗೆ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಲಾಕರ್‌ಗಳು ಬಿಡಿಯಾಗಿ ಸಿಗುತ್ತವೆ. ಮೊದಲು ಹಿಂದಿನದಕ್ಕೆ ಹಾಕಿಸಿ. ಮುಂದಿನದನ್ನು ಲಾಕ್ ಮಾಡಿದರೆ ಸ್ಟೀರಿಂಗ್ ಬಲು ಗಟ್ಟಿಯಾಗುತ್ತದೆ, ಅದು ನಿಜವಾಗಿ ಬೇಕಾಗುವುದೂ ಅಪರೂಪ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದೇ ಡಿಫ್ ಲಾಕ್ ಅಲ್ವಾ?

ಅಲ್ಲ. ಅದು ಬಲವನ್ನು ಸ್ವಲ್ಪ ಮಟ್ಟಿಗೆ ಹಂಚುತ್ತದೆ. ಪೂರ್ತಿ ಲಾಕ್ ಆಗುವುದಿಲ್ಲ. ಒಂದು ಚಕ್ರ ಪೂರಾ ಗಾಳಿಯಲ್ಲಿದ್ದಾಗ ಹಲವು ಬಗೆಯ ಲಿಮಿಟೆಡ್ ಸ್ಲಿಪ್‌ಗಳು ಸೋಲುತ್ತವೆ. ಕೆಲವರು ಕೈಬ್ರೇಕ್ ಒಂದೆರಡು ಹಲ್ಲು ಎಳೆದು ಅದಕ್ಕೆ ನೆರವಾಗುತ್ತಾರೆ. ಕೈಬ್ರೇಕ್ ಹಿಂದಿನ ಚಕ್ರಗಳ ಮೇಲೆ ಕೆಲಸ ಮಾಡುವ ಗಾಡಿಯಲ್ಲಿ ಇದು ನಡೆಯುತ್ತದೆ.

ಸ್ಟೀಲ್ ವೀಲ್ ಕಂಡರೆ ಬೇಜಾರು. ಅದು ದುರ್ಬಲವೇ?

ಇಲ್ಲಿ ಬೇಸ್ ವೇರಿಯಂಟ್‌ಗೇ ಗೆಲುವು.

ಕಲ್ಲಿಗೆ ಬಲವಾಗಿ ಬಡಿದರೆ ಅಲಾಯ್ ಬಿರುಕು ಬಿಡುತ್ತದೆ. ಸ್ಟೀಲ್ ಬಗ್ಗುತ್ತದೆ. ಬಗ್ಗಿದ ಅಂಚನ್ನು ಸುತ್ತಿಗೆಯಿಂದ ತಟ್ಟಿ, ಗಾಳಿ ನಿಲ್ಲುವಷ್ಟು ಸರಿಮಾಡಿ ಊರು ಸೇರಬಹುದು. ತೂಕ ಜಾಸ್ತಿ ಎಂಬುದು ಅದರ ದೋಷ, ನೋಟದ ಮಾತು ಅವರವರಿಗೆ ಬಿಟ್ಟದ್ದು.

ಅದಕ್ಕಿಂತ ದೊಡ್ಡ ಲಾಭ ವೀಲ್ ಚಿಕ್ಕದಿರುವುದರಲ್ಲಿದೆ. ಈ ಮೂರು ಟೈರ್ ಅಳತೆ ನೋಡಿ: 265/65 ಆರ್ 17, 265/60 ಆರ್ 18, 265/50 ಆರ್ 20. ಮೂರರದ್ದೂ ಒಟ್ಟು ಎತ್ತರ ಹೆಚ್ಚು ಕಡಿಮೆ ಒಂದೇ, 775 ಮಿ.ಮೀ. ಆಸುಪಾಸು. ಆದರೆ ಪಕ್ಕದ ರಬ್ಬರ್ ಗೋಡೆ 17 ಇಂಚಿನದರಲ್ಲಿ 172 ಮಿ.ಮೀ., 18ರಲ್ಲಿ 159, 20ರಲ್ಲಿ ಬರೀ 132.5. ಬೇಸ್‌ನಿಂದ ಟಾಪ್‌ಗೆ ಹೋದರೆ 40 ಮಿ.ಮೀ.ನಷ್ಟು ರಬ್ಬರ್ ಮಾಯ. ಕಲ್ಲಿನ ಪೆಟ್ಟು ತಾಳುವುದು, ಗಾಳಿ ಇಳಿಸಿದಾಗ ಹರಡಿ ನೆಲ ಹಿಡಿಯುವುದು, ಎರಡೂ ಆ ರಬ್ಬರ್‌ನ ಕೆಲಸ. 20 ಇಂಚಿನ ಗಾಡಿಯ ಮಾಲೀಕರು ಆಫ್‌ರೋಡ್‌ಗೆಂದು 17 ಇಂಚಿನ ಇನ್ನೊಂದು ಸೆಟ್ ಕೊಳ್ಳುವುದೂ ಇದೆ. ನಿಮಗೆ ಅದು ಮೊದಲೇ ಬಂದಿದೆ.

ಗಾಡಿಯ ಜೊತೆ ಬಂದ ಟೈರ್ ಸಾಕಾಗುತ್ತದೆಯೇ?

ಒಣ ದಾರಿ, ಜಲ್ಲಿ, ಗಟ್ಟಿ ಮಣ್ಣಿಗೆ ಸಾಕು. ಕೆಸರಿಗೆ ಸಾಲದು. ಬೇಸ್‌ಗೆ ಸಾಮಾನ್ಯವಾಗಿ ಸಿಗುವುದು ಎಚ್‌ಟಿ, ಅಂದರೆ ಹೈವೇ ಟೈರ್. ಅದರ ಸಣ್ಣ ಗೆರೆಗಳು ಜಿಗುಟು ಮಣ್ಣಿನಲ್ಲಿ ತುಂಬಿ, ಟೈರ್ ನುಣ್ಣಗಾಗಿಬಿಡುತ್ತದೆ.

ಎಟಿ, ಅಂದರೆ ಆಲ್ ಟೆರೇನ್ ಟೈರ್ ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಎಂಟಿ ಎಂಬ ಮಡ್ ಟೆರೇನ್ ಟೈರ್ ಕೆಸರಿಗೆ ಚೆನ್ನ, ಆದರೆ ಟಾರು ರಸ್ತೆಯಲ್ಲಿ ಗದ್ದಲ, ಒದ್ದೆಯಲ್ಲಿ ಹಿಡಿತ ಕಡಿಮೆ, ಇಂಧನವೂ ಜಾಸ್ತಿ ಹೋಗುತ್ತದೆ. ವಾರಪೂರ್ತಿ ಟಾರು ರಸ್ತೆಯಲ್ಲೇ ಓಡುವ ಗಾಡಿಗೆ ಎಂಟಿ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ.

ನನ್ನನ್ನು ಕೇಳಿದರೆ, ಎಚ್‌ಟಿ ಟೈರಿನ ಟಾಪ್ ವೇರಿಯಂಟ್‌ಗಿಂತ ಒಳ್ಳೆಯ ಎಟಿ ಟೈರಿನ ಬೇಸ್ ವೇರಿಯಂಟ್ ಎಷ್ಟೋ ಮೇಲು. ನಾಲ್ಕು ಚಕ್ರಕ್ಕೂ ಶಕ್ತಿ ಬಂದರೂ ನೆಲ ಮುಟ್ಟುವುದು ಟೈರ್ ಒಂದೇ.

ಗಾಳಿ ಎಷ್ಟು ಇಳಿಸಬೇಕು?

ಗಾಡಿಯ ತೂಕ, ಟೈರ್ ನೋಡಿ ಬದಲಾಗುತ್ತದೆ. ಅಂದಾಜಿಗೆ, ಟಾರು ರಸ್ತೆಯಲ್ಲಿ 32ರಿಂದ 36 ಪಿಎಸ್‌ಐ ಇಡುವ ಗಾಡಿಗೆ ಜಲ್ಲಿ ದಾರಿಯಲ್ಲಿ 26ರಿಂದ 28, ಕಲ್ಲಿನ ದಾರಿಯಲ್ಲಿ 22ರಿಂದ 25, ಮೆತ್ತಗಿನ ಮರಳಿನಲ್ಲಿ 15ರಿಂದ 18. ಗಾಳಿ ಇಳಿದಾಗ ಟೈರ್ ಅಗಲವಾಗುತ್ತದೆ ಎಂದು ಹಲವರ ಭಾವನೆ. ಮುಖ್ಯವಾಗಿ ಅದು ಉದ್ದವಾಗುತ್ತದೆ. ನೆಲಕ್ಕೆ ತಾಗುವ ಜಾಗ ಹಿಂದೆ ಮುಂದೆ ಚಾಚಿಕೊಳ್ಳುತ್ತದೆ.

ಗಾಳಿ ಕಡಿಮೆ ಇದ್ದಾಗ ವೇಗವೂ ಕಡಿಮೆ ಇರಲಿ, ಚಕ್ಕನೆ ಸ್ಟೀರಿಂಗ್ ತಿರುಗಿಸಬೇಡಿ. ಟೈರ್ ರಿಮ್‌ನಿಂದ ಕಳಚಿಕೊಳ್ಳಬಹುದು. ಟಾರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಿ. ಹಾಗಾಗಿ ಗಾಳಿ ತುಂಬುವ ಪಂಪು ಮತ್ತು ಪ್ರೆಷರ್ ಗೇಜು ಇಲ್ಲದೆ ಗಾಳಿ ಇಳಿಸಲೇಬೇಡಿ. ಆಫ್‌ರೋಡ್‌ಗೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ, ವೇರಿಯಂಟ್‌ನ ಹಂಗೂ ಇಲ್ಲ.

ಗ್ರೌಂಡ್ ಕ್ಲಿಯರೆನ್ಸ್ ವೇರಿಯಂಟ್ ನೋಡಿ ಬದಲಾಗುತ್ತದೆಯೇ?

ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಸಾಮಾನ್ಯವಾಗಿ ಇಲ್ಲ. ಟೈರಿನ ಒಟ್ಟು ಎತ್ತರ ಬದಲಾದರೆ ಸ್ವಲ್ಪ ಬದಲಾಗುತ್ತದೆ. ಏರ್ ಸಸ್ಪೆನ್ಷನ್ ಇದ್ದರೆ ಮಾತು ಬೇರೆ, ಬೇಕೆಂದಾಗ ಗಾಡಿಯನ್ನು ಮೇಲೆತ್ತಬಹುದು. ಅದು ಹೆಚ್ಚಾಗಿ ಮೇಲಿನ ವೇರಿಯಂಟ್‌ಗೇ ಸಿಗುವುದು.

ಆದರೆ ಕ್ಲಿಯರೆನ್ಸ್ ಒಂದೇ ನೋಡಿದರೆ ಸಾಲದು. ಮುಂದಿನ ಬಂಪರ್ ದಿಬ್ಬಕ್ಕೆ ತಾಗದೆ ಹತ್ತುವ ಕೋನ, ಹಿಂದಿನ ಬಂಪರ್ ತಾಗದೆ ಇಳಿಯುವ ಕೋನ, ಹೊಟ್ಟೆ ತಾಗದೆ ದಿಬ್ಬ ದಾಟುವ ಕೋನ, ಈ ಮೂರನ್ನೂ ನೋಡಿ. ಇಲ್ಲೂ ಬೇಸ್‌ಗೆ ಅನುಕೂಲ. ಸೈಡ್ ಸ್ಟೆಪ್ ಇಲ್ಲದ ಗಾಡಿಯ ಹೊಟ್ಟೆ ಸುಲಭವಾಗಿ ತಾಗುವುದಿಲ್ಲ. ಮುಂದೆ ಇಳಿಬಿದ್ದ ಪ್ಲಾಸ್ಟಿಕ್ ಅಂಚು ಇಲ್ಲದಿದ್ದರೆ ದಿಬ್ಬಕ್ಕೆ ಮೂತಿ ಕೊಡಬಹುದು.

ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಬಗ್ಗೆ ಒಂದು ಮಾತು. ಗಟ್ಟಿ ಆಕ್ಸಲ್ ಗಾಡಿಯ ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಮೇಲಕ್ಕೆ ಹೋಗುತ್ತದೆ, ಕಲ್ಲಿಗೆ ತಾಗುವ ಡಿಫರೆನ್ಷಿಯಲ್ ಗುಂಡು ಅಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ. ಅದೂ ಅರ್ಧದಷ್ಟು: ಟೈರಿನ ಎತ್ತರ 50 ಮಿ.ಮೀ. ಹೆಚ್ಚಿದರೆ ಆಕ್ಸಲ್ ಏರುವುದು 25 ಮಿ.ಮೀ. ಗಾಡಿ ಎತ್ತರವಾದಷ್ಟೂ ಪಕ್ಕಕ್ಕೆ ಮಗುಚುವ ಭಯ ಜಾಸ್ತಿ. ಮೊದಲ ವರ್ಷ ಲಿಫ್ಟ್ ಕಿಟ್ ಸುದ್ದಿಗೇ ಹೋಗಬೇಡಿ ಎಂಬುದು ನನ್ನ ಸಲಹೆ.

ಟೆರೇನ್ ಮೋಡ್, ಹಿಲ್ ಡಿಸೆಂಟ್, ಕ್ಯಾಮೆರಾ ಇಲ್ಲ. ಕಷ್ಟವಾಗುತ್ತದೆಯೇ?

ಇಳಿಜಾರಲ್ಲಿ ತಾನೇ ಬ್ರೇಕ್ ಹಿಡಿದು ಗಾಡಿಯನ್ನು ನಿಧಾನವಾಗಿ ಇಳಿಸುವ ಹಿಲ್ ಡಿಸೆಂಟ್ ಕಂಟ್ರೋಲ್ ಮೊದಲು ಬಂದದ್ದು 1997ರಲ್ಲಿ, ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನಲ್ಲಿ. ಆ ಗಾಡಿಗೆ ಲೋ ರೇಂಜ್ ಇರಲಿಲ್ಲ, ಅದರ ಜಾಗ ತುಂಬಲು ಈ ಉಪಾಯ. ಮಣ್ಣಿನ ಬಗೆ ನೋಡಿ ಗುಂಡಿ ತಿರುಗಿಸುವ ಟೆರೇನ್ ರೆಸ್ಪಾನ್ಸ್ 2004ರ ಡಿಸ್ಕವರಿ 3ರಲ್ಲಿ ಬಂತು. ಅದಕ್ಕೂ ಮುಂಚೆ ದಶಕಗಟ್ಟಲೆ ಜನ ಇವಿಲ್ಲದೆಯೇ ಮರುಭೂಮಿ, ಕಾಡು ದಾಟಿದ್ದಾರೆ.

ಮೋಡ್‌ಗಳು ಮಾಡುವುದು ಆಕ್ಸಿಲರೇಟರ್ ಎಷ್ಟು ಚುರುಕಾಗಿರಬೇಕು, ಗೇರ್ ಯಾವಾಗ ಬದಲಾಗಬೇಕು, ಟ್ರ್ಯಾಕ್ಷನ್ ಕಂಟ್ರೋಲ್ ಎಷ್ಟು ಬಿಗಿ ಇರಬೇಕು ಎಂಬುದನ್ನು ಬದಲಿಸುವ ಕೆಲಸ. ನಿಮ್ಮ ಕಾಲು ಅಷ್ಟನ್ನು ಕಲಿಯಬಲ್ಲದು. ಮರಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಓಟ ಬಿಡದೆ ಹೋಗಿ. ಇಲ್ಲವಾದರೆ ಅದೇ ಎಂಜಿನ್ ಬಲ ತಗ್ಗಿಸಿ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಕಲ್ಲಿನ ಮೇಲೆ ಅದನ್ನು ಹಾಕಿಡಿ, ನಿಧಾನ ಹೋಗಿ. ಇಳಿಜಾರಲ್ಲಿ ಲೋ ರೇಂಜ್, ಮೊದಲ ಗೇರ್, ಕ್ಲಚ್‌ನಿಂದ ಕಾಲು ದೂರ.

ಕ್ಯಾಮೆರಾ ಬದಲು ಒಬ್ಬರು ಕೆಳಗಿಳಿದು ದಾರಿ ತೋರಿಸಲಿ. ಕೆಸರು ಮೆತ್ತಿದ ಕ್ಯಾಮೆರಾಗಿಂತ ಅದು ಮೇಲು.

ಬೇಸ್‌ನಲ್ಲಿ ಮ್ಯಾನುವಲ್ ಮಾತ್ರ ಇದೆ. ಆಟೋಮ್ಯಾಟಿಕ್‌ಗೆ ಕಾಯಬೇಕಾ?

ಕಾಯಬೇಕಿಲ್ಲ. ಮರಳಲ್ಲಿ, ಕಡಿದಾದ ಏರಿನಲ್ಲಿ ಆಟೋಮ್ಯಾಟಿಕ್ ಸುಲಭ, ಬಲ ಎಲ್ಲೂ ಕಡಿಯುವುದಿಲ್ಲ. ಇಳಿಜಾರಲ್ಲಿ ಮ್ಯಾನುವಲ್‌ನ ಎಂಜಿನ್ ಬ್ರೇಕಿಂಗ್‌ಗೆ ಹಿಡಿತ ಹೆಚ್ಚು.

ಮ್ಯಾನುವಲ್ ಓಡಿಸುವವರು ಒಂದು ವಿದ್ಯೆ ಕಲಿತಿರಬೇಕು. ಏರಿನ ನಡುವೆ ಎಂಜಿನ್ ನಿಂತರೆ ಕ್ಲಚ್ ಒತ್ತಿ ಗಾಡಿಯನ್ನು ಹಿಂದಕ್ಕೆ ಉರುಳಲು ಬಿಡಬೇಡಿ. ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ. ಆಮೇಲೆ ಕ್ಲಚ್ ಒತ್ತಿ ಲೋ ರೇಂಜ್‌ನ ರಿವರ್ಸ್ ಗೇರ್ ಹಾಕಿ, ಕ್ಲಚ್ ಬಿಡಿ. ಎಂಜಿನ್ ಚಾಲೂ ಮಾಡಿ, ಚಕ್ರ ನೇರ ಇಟ್ಟು, ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಇಳಿಯಿರಿ. ಏರಿನಲ್ಲಿ ಗಾಡಿ ಅಡ್ಡ ತಿರುಗಿಸಲು ಹೋದವರೇ ಮಗುಚಿಕೊಳ್ಳುವುದು.

ಅಂದಹಾಗೆ, ಬೇಸ್‌ನಲ್ಲಿ ಲೋ ರೇಂಜ್‌ಗೆ ಬಟನ್ ಬದಲು ಲಿವರ್ ಇದ್ದರೆ ಖುಷಿಪಡಿ. ಹಾಕಿದ್ದು ಬಿತ್ತೋ ಇಲ್ಲವೋ ಕೈಗೇ ಗೊತ್ತಾಗುತ್ತದೆ.

ಫೋರ್ ವೀಲ್ ಡ್ರೈವನ್ನು ಟಾರು ರಸ್ತೆಯಲ್ಲೂ ಹಾಕಿಡಬಹುದೇ?

ಪಾರ್ಟ್ ಟೈಮ್ ಫೋರ್ ಬೈ ಫೋರ್, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಹಾಕುವ ಬಗೆ, ಆದರೆ ಬೇಡ. ಅದರಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನ ಮೇಲೆ ತಿರುಗಿದಾಗ ಎರಡು ಆಕ್ಸಲ್‌ಗಳೂ ಒಂದನ್ನೊಂದು ಜಗ್ಗಿ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು. ಮಣ್ಣು, ಮರಳಿನಲ್ಲಿ ಟೈರ್ ಸ್ವಲ್ಪ ಜಾರಿ ಆ ಬಿಗಿ ಸಡಿಲವಾಗುತ್ತದೆ.

ನೀರು ದಾಟಲು ಟಾಪ್ ವೇರಿಯಂಟ್ ಬೇಕೇ?

ಬೇಡ. ಎಷ್ಟು ನೀರು ತಾಳುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎಂಜಿನ್ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದು. ಅದು ಎಲ್ಲ ವೇರಿಯಂಟ್‌ಗೂ ಸಾಮಾನ್ಯವಾಗಿ ಒಂದೇ. 2020ರ ಮಹೀಂದ್ರ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ. ಏರ್ ಸಸ್ಪೆನ್ಷನ್ ಇರುವ ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900 ಮಿ.ಮೀ. ಇವು ನಿಂತ ನೀರಿನ ಲೆಕ್ಕ.

ಹರಿಯುವ ನೀರು ಬೇರೆಯೇ ಪ್ರಾಣಿ. 30 ಸೆಂ.ಮೀ. ಹರಿವ ನೀರು ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. 60 ಸೆಂ.ಮೀ. ಆದರೆ ಎಸ್‌ಯುವಿ, ಪಿಕಪ್‌ಗಳನ್ನೂ ಬಿಡುವುದಿಲ್ಲ. ತಳ ಕಾಣದ, ರಭಸದ ನೀರಿಗೆ ಯಾವ ವೇರಿಯಂಟನ್ನೂ ಇಳಿಸಬೇಡಿ.

ನಡು ನೀರಲ್ಲಿ ಎಂಜಿನ್ ನಿಂತು, ಒಳಗೆ ನೀರು ಹೋಗಿರಬಹುದು ಎಂಬ ಅನುಮಾನ ಬಂದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಎಂಜಿನ್ ಒಳಗೆ ಪಿಸ್ಟನ್ ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಳೆದೇ ಹೊರಗೆ ತನ್ನಿ.

ಬೇಸ್ ಕೊಂಡು ಉಳಿದ ದುಡ್ಡಿನಲ್ಲಿ ಮೊದಲು ಏನು ಹಾಕಿಸಲಿ?

ಟೈರು. ಆಮೇಲೆ ಪಂಪು, ಗೇಜು, ಸಲಿಕೆ. ಆಮೇಲೆ ಗಾಡಿ ಎಳೆಯುವ ಸಾಮಾನು.

ಇದರಲ್ಲಿ ಜಾಗ್ರತೆ ಬೇಕು. ಎಷ್ಟೋ ಗಾಡಿಗಳ ಕೆಳಗೆ ಕಾಣುವ ಕೊಂಡಿ ಸಾಗಿಸುವಾಗ ಕಟ್ಟಲು ಕೊಟ್ಟದ್ದು. ಹೂತ ಗಾಡಿ ಎಳೆಯುವ ಬಲ ಅದಕ್ಕಿಲ್ಲ. ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಪಾಯಿಂಟ್ ಹಿಂದೆ ಮುಂದೆ ಇದೆಯೇ ಎಂದು ಗಾಡಿಯ ಕೈಪಿಡಿಯಲ್ಲಿ ನೋಡಿ, ಇಲ್ಲದಿದ್ದರೆ ಹಾಕಿಸಿ. ಟ್ರೈಲರ್ ಎಳೆಯಲು ಹಿಂದೆ ಇರುವ ಟೋ ಬಾಲ್‌ಗೆ ಸ್ಟ್ರಾಪ್ ಸಿಕ್ಕಿಸಿ ಜಗ್ಗುವುದಂತೂ ಬೇಡವೇ ಬೇಡ. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ.

ಹೊಟ್ಟೆಗೆ ಕಲ್ಲಿನ ಪೆಟ್ಟು ತಡೆಯುವ ಸ್ಕಿಡ್ ಪ್ಲೇಟ್ ಇಲ್ಲದಿದ್ದರೆ ಅದು ಮುಂದಿನದು. ಎಂಜಿನ್ ಆಯಿಲ್ ಸಂಪ್ ಕಲ್ಲಿಗೆ ತಾಗಿ ಒಡೆದರೆ ಅಲ್ಲಿಗೆ ಪ್ರಯಾಣ ಮುಗಿಯಿತು. ಡಿಫ್ ಲಾಕ್, ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಎಲ್ಲ ಇದಾದ ಮೇಲೆ. ವಾರಂಟಿಗೆ ತೊಂದರೆ ಆಗುತ್ತದೋ ಇಲ್ಲವೋ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಹಾಗಾದರೆ ಮೇಲಿನ ವೇರಿಯಂಟ್‌ಗೆ ದುಡ್ಡು ಕೊಡುವುದು ಯಾವಾಗ ಸರಿ?

ಕಾರ್ಖಾನೆಯ ಡಿಫ್ ಲಾಕ್, ಹೆಚ್ಚು ಆಳದ ಲೋ ರೇಂಜ್, ಬಲವಾದ ಆಕ್ಸಲ್, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ, ಬೇಕೆಂದಾಗ ಕಳಚಬಹುದಾದ ಆಂಟಿ ರೋಲ್ ಬಾರ್, ಇವೆಲ್ಲ ಒಂದೇ ಗಾಡಿಯಲ್ಲಿ ಬರುವಾಗ. 2003ರಿಂದ ಬರುತ್ತಿರುವ ರ‍್ಯಾಂಗ್ಲರ್ ರೂಬಿಕಾನ್ ಅಂಥದ್ದು. ಕ್ಯಾಲಿಫೋರ್ನಿಯಾದ ಬಂಡೆಗಳ ದಾರಿ ರೂಬಿಕಾನ್ ಟ್ರೇಲ್‌ನ ಹೆಸರು ಅದಕ್ಕೆ. ಬೇಸ್ ತಗೊಂಡು ಇಷ್ಟನ್ನೂ ಒಂದೊಂದಾಗಿ ಹಾಕಿಸಿದರೆ ಖರ್ಚು ಮೀರಿಹೋಗುತ್ತದೆ. ಬಂಡೆ ಹತ್ತುವುದೇ ನಿಮ್ಮ ಹವ್ಯಾಸ ಎಂದು ಖಚಿತವಿದ್ದರೆ ನೇರವಾಗಿ ಅದನ್ನೇ ಕೊಳ್ಳಿ.

ಸುರಕ್ಷತೆಯ ವಿಷಯದಲ್ಲೂ ರಾಜಿ ಬೇಡ. ಏರ್‌ಬ್ಯಾಗ್, ಸ್ಟೆಬಿಲಿಟಿ ಕಂಟ್ರೋಲ್ ಮೇಲಿನ ವೇರಿಯಂಟ್‌ಗೆ ಮಾತ್ರ ಇದ್ದರೆ ಮೇಲಕ್ಕೆ ಹೋಗಿ. ಆಫ್‌ರೋಡ್ ಜಾಗಕ್ಕೆ ತಲುಪಲು ಹೈವೇಯಲ್ಲೇ ಹೋಗಬೇಕಲ್ಲ.

ಹೊಸ ಬೇಸ್ ಅಥವಾ ಅದೇ ಬೆಲೆಯ ಹಳೆಯ ಟಾಪ್, ಯಾವುದು ಮೇಲು?

ಹಳೆಯದು ಆಫ್‌ರೋಡ್ ಪ್ಯಾಕೇಜ್‌ನದ್ದಾಗಿ, ಹದವಾಗಿ ಓಡಿದ್ದಾದರೆ ಅದನ್ನೇ ನೋಡಬಹುದು. ಬರೀ ಲೆದರ್ ಸೀಟಿಗಾಗಿ ಹಳೆಯದಕ್ಕೆ ಹೋಗಬೇಡಿ.

ನೋಡಲು ಹೋದಾಗ ಟಾರು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವುದರಿಂದ ಏನೂ ತಿಳಿಯುವುದಿಲ್ಲ. ಮಣ್ಣಿನ ಜಾಗಕ್ಕೆ ಕರೆದೊಯ್ದು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಲೋ ರೇಂಜ್ ಹಾಕಿ ನೋಡಿ. ವರ್ಷಗಟ್ಟಲೆ ಬಳಸದೆ ಅದು ಜಾಮ್ ಆಗಿರುವುದು ತೀರ ಸಾಮಾನ್ಯ. ಡಿಫ್ ಲಾಕ್ ಬಿದ್ದರೆ ದೀಪ ಮಿಟುಕುವುದು ನಿಂತು ಸ್ಥಿರವಾಗಿ ಉರಿಯುತ್ತದೆಯೇ ಗಮನಿಸಿ. ಕೆಳಗೆ ಮಲಗಿ ಚಾಸಿಯ ತುಕ್ಕು, ಹೊಸ ಬೆಸುಗೆ, ಸ್ಕಿಡ್ ಪ್ಲೇಟ್‌ನ ಗೀರು ನೋಡಿ. ಗೀರು ಇದ್ದರೆ ತಪ್ಪಿಲ್ಲ, ಅದು ಇರುವುದೇ ಪೆಟ್ಟು ತಿನ್ನಲು. ಕೊನೆಗೆ ಡಿಫರೆನ್ಷಿಯಲ್ ಪ್ಲಗ್ ಬಿಚ್ಚಿಸಿ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಬೇರಿಂಗ್ ಕೆಲಸ ಬಾಕಿ ಇದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಮಾಲೀಕರು ಒಪ್ಪದಿದ್ದರೆ ಬಿಟ್ಟು ಬನ್ನಿ.